ಬಾಯಿ ತೆರೆದವರ ಮುಂದೆ ಕಾದಂಬರಿ

ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರು ಯಾರೇ ಆಗಲಿ, ಆಕೆ ಸದ್ಯ ಓದುತ್ತಿರುವ ಕಾದಂಬರಿಯ ಬಗ್ಗೆ ಆಕೆಯ ಅಭಿಪ್ರಾಯ ಕೇಳದೆ ಎದ್ದು ಹೋದದ್ದಿಲ್ಲ. ಅರ್ಧ ಪುಸ್ತಕ ಓದಿ ಪೂರ್ತಿ ತೀರ್ಪು ಕೊಡುವುದರಲ್ಲಿ ಆಕೆಯದು ಎತ್ತಿದ ಕೈ. “ಈ ಕಥೆಯ ಅಣ್ಣ ಶುದ್ಧ ದಂಡಪಿಂಡ ಕಣ್ರೀ, ತಂಗಿ ಮನೆ ಬಿಟ್ಟು ಹೋಗಿದ್ದೇ ಸರಿ. ಇನ್ನೂ ಸ್ವಲ್ಪ ಬಾಯಿ ತೆಗೀರಿ,” ಎನ್ನುತ್ತಾಳೆ, ಎದುರಾಡಲು ಹೊರಟವರ ಬಾಯಲ್ಲಿ ಆಗಲೇ ಹತ್ತಿ ತುಂಬಿರುತ್ತದೆ. ಮೊನ್ನೆ ಒಬ್ಬ ಮೇಷ್ಟ್ರು, ನಾಲಿಗೆ ಮರಗಟ್ಟಿದ್ದರೂ, ಅಣ್ಣನ ಪರವಾಗಿ ಊಂ ಊಂ ಎನ್ನುತ್ತ ಎದ್ದೇ ಕೂತರು. ಜನ ಹೀಗೆ ಕೆರಳುವ ಮಾತು ಯಾವುದೋ ಅದನ್ನೇ ಆಕೆ ಸಂಜೆ ಮನೆಗೆ ಒಯ್ಯುತ್ತಾಳೆ. ಊಟದ ಹೊತ್ತಿನಲ್ಲಿ ಪುಸ್ತಕದ ವಿಷಯಕ್ಕೆ ಮಗಳೊಂದಿಗೆ ಜಗಳಕ್ಕೆ ಬೀಳುತ್ತಿದ್ದ ಅಪ್ಪ, ಲಕ್ವ ಹೊಡೆದ ಮೇಲೆ ಮಾತು ಕಳೆದುಕೊಂಡು ಅಲ್ಲಿ ಕೂತಿರುತ್ತಾರೆ. ಆ ಸಂಜೆಯೂ ಅವರಿಗೆ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳಿ, “ಅಪ್ಪಾ, ಈ ಅಣ್ಣ ದಂಡಪಿಂಡ ಅಲ್ವಾ?” ಎಂದಳು. ಅಪ್ಪನ ಹುಬ್ಬು ಗಂಟಿಕ್ಕಿತು, ತುಟಿ ತಡಕಾಡಿತು. “ಅ... ಅಲ್ಲ!” ಡಾಕ್ಟರಮ್ಮ ತುಂಬಿ ಬಂದ ಕಣ್ಣನ್ನೂ ಒರೆಸಿಕೊಳ್ಳದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹೇಗಲ್ಲ? ಹೇಳಪ್ಪಾ ನೋಡೋಣ!” ಎಂದು ಜಗಳಕ್ಕೆ ಕೂತಳು.