ಜಮಾಲ್ ಸಾಬರ ಎರಡನೇ ಗುಂಡಿಗೆ

ದಿನವಿಡೀ ಸೀರೆ ಅಂಗಡಿಯಲ್ಲಿ ನಿಂತು, ನಿಂತಲ್ಲೇ ತೂಕಡಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿರುವ ನಾನು ನಿಜವಾದ ನಿದ್ದೆಗೆ ಹೋಗುವುದು ಹೊಳಲ್ಕೆರೆಯ ಜಮಾಲ್ ಸಾಬರ ಕಟಿಂಗ್ ಕುರ್ಚಿಗೆ. ಅವರ ಕತ್ತರಿ ಕೂದಲಿಗಿಂತ ಗಾಳಿಯನ್ನೇ ಹೆಚ್ಚು ಕತ್ತರಿಸುತ್ತದೆ. ಆ ಕಿಚಿಕಿಚಿ ಸದ್ದಿಗೆ ಕುರ್ಚಿ ತೆಪ್ಪವಾಗಿ ಕನ್ನಡಿಯೊಳಕ್ಕೆ ತೇಲಿಹೋಗುತ್ತದೆ. ಎಡಗಾಲು ಊದಿ, ನೀಲಿ ನರಗಳು ಹಾಗಲಬಳ್ಳಿಯಂತೆ ಹಬ್ಬಿದ್ದರೂ ಸಾಬರು ಕೂರುವವರಲ್ಲ. "ನಿಂತು ದುಡಿಯೋರ ಕಾಲು ಹಿಂಗೇ ಕಣಪ್ಪ, ನಿಂದೂ ಆಗ್ತೈತೆ ತಡಿ" ಎಂದು ನನ್ನನ್ನೂ ಹರಸುತ್ತಾರೆ. ಅವರ ಎಡಮಂಡಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟೊಂದು ಸದಾ ಮಿಡಿಯುತ್ತದೆ. ಅದನ್ನು ಗಿರಾಕಿಗಳಿಗೆ ಮುಟ್ಟಿಸಿ, "ಅಲ್ಲಾ ನಂಗೆ ಎಲ್ಡು ಗುಂಡಿಗೆ ಕೊಟ್ಟಾನೆ ನೋಡ್ರಿ" ಎನ್ನುತ್ತಾರೆ. ಕತ್ತರಿಯ ತಾಳವೂ ಅದರದೇ. ಮೊನ್ನೆ ಚಿತ್ರದುರ್ಗದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಕಾಲಿಗೆ ರಕ್ತ ತರುವ ನಾಳವೇ ಅಲ್ಲಿ ಉಬ್ಬಿ ಹಿಂತಿರುಗುವ ನಾಳವನ್ನು ಅದುಮಿದೆ, ಊತಕ್ಕೆ ಅದೇ ಕಾರಣ, ಆಪರೇಷನ್ ತಡವಾದರೆ ಕಾಲೇ ಹೋದೀತು ಎಂದರಂತೆ. "ಮಂಗಳವಾರ ಇಟ್ಕಳ್ರಿ ಅಂದೆ, ಅವತ್ತು ಹೆಂಗೂ ಅಂಗಡಿ ರಜಾ" ಎಂದು ಸಾಬರು ಇವತ್ತು ನನ್ನ ತಲೆಗೆ ಕತ್ತರಿ ಆಡಿಸುತ್ತಲೇ ನಕ್ಕರು. ನಾನೂ ನಕ್ಕು ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ, ಕತ್ತರಿಯ ಸದ್ದೇ ಇರಲಿಲ್ಲ. ಕಣ್ಣು ಬಿಟ್ಟರೆ, ನನ್ನ ಅರ್ಧ ತಲೆಯನ್ನು ಹಾಗೇ ಬಿಟ್ಟು, ಸಾಬರು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಎಡಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.