ಬಣ್ಣ ತುಂಬದೆ ಉಳಿದ ‘ಶ್ರಾ’

ನಾಗನೂರಿನಲ್ಲಿ ಬೆಳಗಿನ ಐದೂವರೆ. ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ಆಗಲೇ ಶುರುವಾಗಿದೆ. ಪಡಸಾಲೆಯಲ್ಲಿ ಸುಮನ ನಾಲ್ಕು ಹಳೆಯ ಮೊಬೈಲುಗಳನ್ನು ಜೋಳದ ಚೀಲಕ್ಕೆ ಆನಿಸಿ ಸಾಲಾಗಿ ನಿಲ್ಲಿಸಿದ್ದಾರೆ. ನಾಲ್ಕರಲ್ಲೂ ಒಂದೇ ಪುಸ್ತಕದ ಒಂದೇ ಪುಟ. ಮೂರರಲ್ಲಿ ಅಧ್ಯಾಯದ ಮೊದಲ ಅಕ್ಷರ ಮೂರು ಸಾಲಿನ ಎತ್ತರಕ್ಕೆ ಗತ್ತಿನಿಂದ ಕೂತಿದೆ, ನಾಲ್ಕನೆಯದರಲ್ಲಿ ಒಡೆದುಹೋಗಿದೆ.

“ನೋಡ್ರಿ, ‘ಪ್ರೀತಿ’ ಅಂತ ಐತಿ. ಈ ಫೋನ್‌ನ್ಯಾಗ ‘ಪ್’ ಅಷ್ಟ ದೊಡ್ಡದಾಗಿ, ‘ರೀತಿ’ ಬಾಜೂಕ ಸಣ್ಣದಾಗಿ ಬಿದ್ದೈತಿ” ಎನ್ನುತ್ತಾ ಅವರು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ತಿದ್ದುತ್ತಾರೆ. ಮತ್ತೆ ನಾಲ್ಕೂ ಫೋನು ನೋಡುತ್ತಾರೆ.

ಇ-ಪುಸ್ತಕಗಳ ಅಧ್ಯಾಯದ ಮೊದಲ ಅಕ್ಷರಕ್ಕೆ ಅಂದ ಕೊಡುವುದು ಮೂವತ್ತಾರರ ಸುಮನ ಅವರ ಕೆಲಸ. ಅಕ್ಷರ ಎಷ್ಟು ಎತ್ತರ, ಸುತ್ತ ಎಷ್ಟು ಜಾಗ ಎಂಬುದನ್ನೆಲ್ಲ ಸಿಎಸ್‌ಎಸ್ ಎಂಬ ಸೂಚನೆಗಳಲ್ಲಿ ಬರೆಯಬೇಕು. ಕನ್ನಡದ ಒತ್ತು ಕೆಳಗಿಳಿದು ಮುಂದಿನ ಸಾಲಿಗೆ ತಾಗದಂತೆ ಕಾಯಬೇಕು. ದಿನಕ್ಕೆ ಮೂವತ್ತು ಅಧ್ಯಾಯ. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಮೊದಲು ಮೂಡಲಗಿಯ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದರು. ಅದು ಮುಚ್ಚಿದ ಮೇಲೆ ಇ-ಪುಸ್ತಕದ ಕಂಪನಿಯೊಂದರಿಂದ ಈ ಕೆಲಸ ಮನೆಗೇ ಬಂತು. ಗಂಡ ದುರ್ಗೇಶ ಬೋರ್ಡು ಬರೆಯುವ ಪೇಂಟರ್. ಊರ ಬುದ್ಧವಿಹಾರದ ಬೋರ್ಡು, ಕಬ್ಬಿನ ಟ್ರೇಲರುಗಳ ಬೆನ್ನ ಮೇಲಿನ ಹೆಸರುಗಳು ಅವರ ಕೈಯವು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಘಟಪ್ರಭಾದಲ್ಲಿ ಡಯಾಲಿಸಿಸ್. ಏಣಿ ಹತ್ತುವುದು ನಿಂತಿತು.

ಆಗಲೇ ಹುಕ್ಕೇರಿಯ ನಿವೃತ್ತ ಮಾಸ್ತರ ಬಾಪುಸಾಹೇಬರು ತಮ್ಮ ನೆನಪುಗಳನ್ನು ಬರೆದ ಪುಸ್ತಕ ಬಂದದ್ದು. ಹನ್ನೆರಡು ಅಧ್ಯಾಯ. ಮೊದಲಕ್ಷರಗಳು ಕೈಯಲ್ಲೇ ಬರೆದವಾಗಿರಬೇಕು ಎಂಬುದು ಅವರ ಆಸೆ. ಡಯಾಲಿಸಿಸ್ಸಿಗೆ ಮಲಗಿದ್ದ ಗಂಡನನ್ನು ಸುಮನ ಕೇಳಿದರು.

“‘ಎಡಗೈ ಮಷಿನ್ನಿಂದು, ಬಲಗೈ ನಿಂದು. ಕಾಗದ ಕೊಡ’ ಅಂದ್ರು” ಎಂದು ಸುಮನ ನೆನೆಯುತ್ತಾರೆ. ಪ್ರತಿ ಸಲ ನಾಲ್ಕು ತಾಸು ಮಲಗಿದಲ್ಲೇ ಎದೆಯ ಮೇಲೆ ರಟ್ಟಿಟ್ಟುಕೊಂಡು ದುರ್ಗೇಶ ಒಂದೊಂದೇ ಅಕ್ಷರ ಬರೆದರು, ಬಳ್ಳಿ ಸುತ್ತಿಸಿದರು, ಕರಿ ಬಣ್ಣ ತುಂಬಿದರು. ಸುಮನ ಪಕ್ಕದಲ್ಲೇ ಕೂತು ಫೋಟೋ ತೆಗೆದು ಪುಟಕ್ಕೆ ಹೊಂದಿಸಿದರು. ಅಷ್ಟು ದಿನ ಇಬ್ಬರೂ ಸೇರಿ ಒಂದೇ ಕೆಲಸ ಮಾಡಿದ್ದು ಜೀವನದಲ್ಲಿ ಅದೇ ಮೊದಲು.

ಹನ್ನೊಂದು ಅಕ್ಷರ ಮುಗಿದವು. ಕೊನೆಯ ಅಧ್ಯಾಯ ‘ಶ್ರಾವಣ’ ಎಂದು ಶುರುವಾಗುತ್ತದೆ. ಪೆನ್ಸಿಲ್ಲಿನಲ್ಲಿ ‘ಶ್ರಾ’ದ ಅಂಚು ಬರೆದು, “ಗುರುವಾರ ಬಣ್ಣಾ ತುಂಬತೇನಿ” ಎಂದಿದ್ದರು ದುರ್ಗೇಶ. ಬುಧವಾರ ಮಧ್ಯಾಹ್ನ ಹೋಗಿಬಿಟ್ಟರು.

“ಕಂಪ್ಯೂಟರ್‌ನ್ಯಾಗ ಒಂದ್ ಸಲ ಒತ್ತಿದ್ರ ಕರಿ ಬಣ್ಣ ತುಂಬತೈತ್ರಿ. ಖರೇ ಹೇಳ್ತೇನಿ, ಬೆರಳ ಹೋಗ್ಲಿಲ್ಲ” ಎನ್ನುತ್ತಾರೆ ಸುಮನ. ಹದಿನೈದು ದಿನ ನೋಡಿ ಬಾಪುಸಾಹೇಬರಿಗೆ ಫೋನ್ ಮಾಡಿದರು. ಆದದ್ದನ್ನು ಹೇಳಿ, ಆ ಅಕ್ಷರಕ್ಕೆ ಏನು ಮಾಡಲಿ ಎಂದು ಕೇಳಿದರು.

“ತುಂಬಬ್ಯಾಡವ್ವಾ. ಅವರು ಎಲ್ಲಿಗೆ ಬಿಟ್ಟಾರೋ ಅಲ್ಲಿಗೇ ಇರಲಿ” ಎಂದರು ಮಾಸ್ತರು.

‘ಅಕ್ಷರ ಖಾಲಿ ಇದೆ, ಸರಿಪಡಿಸಿ’ ಎಂದು ಕಂಪನಿ ಎರಡು ಸಲ ಪುಸ್ತಕ ವಾಪಸ್ ಕಳಿಸಿತು. ಕೊನೆಗೆ ಬಾಪುಸಾಹೇಬರೇ ಪತ್ರ ಬರೆದ ಮೇಲೆ ಅದು ಹಾಗೆಯೇ ಹೊರಬಂತು. ಓದಿದವರೊಬ್ಬರು ಪುಸ್ತಕದ ಕೆಳಗಿನ ಅಭಿಪ್ರಾಯಗಳಲ್ಲಿ, ‘ಕೊನೆಯ ಅಧ್ಯಾಯದ ಚಿತ್ರ ಸರಿಯಾಗಿ ಲೋಡ್ ಆಗಿಲ್ಲ’ ಎಂದು ಬರೆದಿದ್ದಾರೆ. ಸುಮನ ಆ ಸಾಲನ್ನು ತೋರಿಸುತ್ತಾರೆ. “ಇದಕ್ಕ ಏನಂತ ಬರೀಲ್ರಿ?”

ಏಳರ ಹೊತ್ತಿಗೆ ದುರ್ಗೇಶರ ತಾಯಿ ಪದ್ಮವ್ವ ಚಹಾ ಕುಡಿದು ಸೊಸೆಯ ಬಾಜೂ ಬಂದು ಕೂಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ನನ್ ಮಗಾ ಬರ್ದದ್ದು ತಗೀಯವ್ವಾ” ಎನ್ನುತ್ತಾರೆ. ಸುಮನ ಫೋನಿನಲ್ಲಿ ಕೊನೆಯ ಅಧ್ಯಾಯ ತೆಗೆದು ಕೊಡುತ್ತಾರೆ. ಪದ್ಮವ್ವ ಪೆನ್ಸಿಲ್ಲಿನ ಆ ಗೆರೆಯ ಗುಂಟ ಬೆರಳಾಡಿಸಲು ಹೋಗುತ್ತಾರೆ. ಬೆರಳು ತಾಗಿದ್ದೇ ಪುಟ ತಿರುಗಿಬಿಡುತ್ತದೆ.

“ಅಯ್ಯ, ಹೋತಲ್ಲ!”

ಸುಮನ ಪುಟವನ್ನು ಹಿಂದಕ್ಕೆ ತರುತ್ತಾರೆ. ಮತ್ತೆ ಬೆರಳು, ಮತ್ತೆ ತಿರುಗುವ ಪುಟ. ದಿನಾ ನಾಲ್ಕೈದು ಸಲ ಹೀಗೆ. ಸುಮನ ಬೇಸರಿಸುವುದಿಲ್ಲ.

ಮುಂದೆ ಏನು ಮಾಡಬೇಕೆಂದಿದೆ ಎಂದು ಕೇಳಿದರೆ ಅತ್ತೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ: “ಭಾಳ ಏನಿಲ್ರಿ. ಮುಟ್ಟಿದ್ರೂ ಹೋಗಲಾರದಂಥಾ ಪುಟ ಒಂದ್ ಮಾಡಬೇಕಂತ ಕಲ್ಯಾಕತ್ತೇನಿ.”