ಮೊಳೆ ಹಿಡಿದ ಜೋಳದ ದಂಟು

ಗಡಿಯಾರ ತೂಗುಹಾಕಲು ಒಬ್ಬನೇ ಮೊಳೆ ಹೊಡೆಯಲು ಹೋಗಿ ನನ್ನ ಮಗ ಇವತ್ತು ಹೆಬ್ಬೆರಳು ಜಜ್ಜಿಕೊಂಡಿದ್ದಾನೆ. ಸುದ್ದಿ ತಿಳಿಸಿದವಳು ಸೊಸೆ. ಹೋಗಿ ನೋಡಿದೆ, ಉಗುರು ಕಪ್ಪಗಾಗಿತ್ತು. ಮುದ್ದೇಬಿಹಾಳದ ನಮ್ಮ ಹಳೆಯ ಮನೆಯ ಬೇವಿನ ಕಂಬ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಮ್ಮೆ ಆ ಕಂಬಕ್ಕೆ ಕಂದೀಲು ತೂಗುಹಾಕಲು ಅಜ್ಜ ಮೊಳೆ ಹೊಡೆಯಬೇಕಿತ್ತು, ನಾನು ಹಿಡಿಯಬೇಕಿತ್ತು. ಯಾವ ಕೆಲಸ ಹಿಡಿದರೂ ಮೊದಲು ಕಣ್ಣು ಮುಚ್ಚಿ ‘ಬಸವಾ’ ಎನ್ನುವುದು ಅಜ್ಜನ ರೂಢಿ. ಸುತ್ತಿಗೆ ಎತ್ತಿದಾಗಲೂ ಹಾಗೆಯೇ. ಕಣ್ಣು ತೆರೆಯುವುದರೊಳಗೆ ಪೆಟ್ಟು ಬಿದ್ದಿರುತ್ತಿತ್ತು. ಹಿಂದಿನ ಸಲ ಮೊಳೆ ಹಿಡಿದಿದ್ದ ಅಜ್ಜಿಯ ಬೆರಳಿನಲ್ಲಿ ಹೊಸ ಉಗುರು ಇನ್ನೂ ಬಂದಿರಲಿಲ್ಲ. ಅದನ್ನೇ ನೋಡುತ್ತ ನಿಂತಿದ್ದ ನಾನು ಸುತ್ತಿಗೆ ಮೇಲೆದ್ದೊಡನೆ ಕೈ ಹಿಂದಕ್ಕೆಳೆದುಕೊಂಡೆ, ಮೊಳೆ ಕೆಳಗೆ ಬಿತ್ತು.

“ಅಳ್ಳಾಡಬ್ಯಾಡ ಮಗಳ, ದೇವರು ಅದಾನ,” ಎಂದರು ಅಜ್ಜ.

“ದೇವರು ಬಂದು ಮೊಳಿ ಹಿಡೀತಾನೇನ್ರಿ? ಅವನ ಹೆಸರು ತಗೋರಿ, ಆದ್ರ ಕಣ್ಣು ತೆರದು ತಗೋರಿ!” ಎನ್ನುತ್ತ ಅಜ್ಜಿ ಒಲೆಯ ಬದಿಯಿಂದ ಒಣ ಜೋಳದ ದಂಟು ತಂದಳು. ತುದಿ ಸೀಳಿದಳು. ಸಲೀಸಾಗಿ ಇಳಿಯಲೆಂದು ಮೊಳೆಯನ್ನು ತನ್ನ ಎಣ್ಣೆ ತಲೆಗೆ ಒರೆಸಿ, ಸೀಳಿನಲ್ಲಿ ಸಿಕ್ಕಿಸಿ ದಂಟನ್ನು ನನಗೆ ಕೊಟ್ಟಳು.

“ದೂರ ನಿಂತು ಹಿಡಿ.”

ಅಜ್ಜ ಮತ್ತೆ ಕಣ್ಣು ಮುಚ್ಚಿದರು. “ಬಸವಾ.”

ಮೊದಲ ಪೆಟ್ಟಿಗೇ ದಂಟಿನ ತುದಿ ಜಜ್ಜಿಹೋಯಿತು. ನನ್ನ ಬೆರಳು ಇರಬೇಕಿದ್ದ ಜಾಗ ಅದು. ಅಜ್ಜ ಅದನ್ನೇ ನೋಡುತ್ತ ನಿಂತರು. ಎರಡನೆಯ ಪೆಟ್ಟು ಕಣ್ಣು ತೆರೆದೇ ಹಾಕಿದರು.

ನಾಳೆ ಬೆಳಿಗ್ಗೆ ಮಗ ಮತ್ತೆ ಮೊಳೆ ಹೊಡೆಯಲಿದ್ದಾನೆ. ಹಿಡಿಯಲು ನನ್ನ ಮೊಮ್ಮಗಳನ್ನು ಕರೆದಿದ್ದಾನೆ. ದಂಟು ಸೀಳಿ ಇಟ್ಟಿದ್ದೇನೆ.